ಆರೋಗ್ಯ ಸಂಶೋಧನೆಗೆ ಕೊಟ್ಟ ಹಣದಿಂದ ಜನರಿಗೇನಾಯಿತು? ಲೆಕ್ಕ ಹಾಕುವ ಮತ್ತು ತಿಳಿಸಿ ಹೇಳುವ ಬಗೆ

ಸಂಶೋಧನೆಗೆ ಹಣ ಕೊಡುವವರಿಗೂ ಅನುದಾನ ಪಡೆದು ಕೆಲಸ ಮಾಡುವವರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: "ಇಷ್ಟು ವರ್ಷ ಇಷ್ಟು ಹಣ ಹೋಯಿತಲ್ಲ, ಅದರಿಂದ ಜನರಿಗೆ ಸಿಕ್ಕಿದ್ದೇನು?" ಕೇಳುವವರು ಶಾಸಕರಿರಬಹುದು, ದಾನಿಗಳಿರಬಹುದು, ರೋಗಿಗಳ ಸಂಘದವರಿರಬಹುದು. ಸಾಮಾನ್ಯವಾಗಿ ಸಿಗುವ ಉತ್ತರ ಎರಡು ಬಗೆಯದು. ಒಂದು, ಪ್ರಕಟವಾದ ಪ್ರಬಂಧಗಳ ಪಟ್ಟಿ. ಇನ್ನೊಂದು, ಎಲ್ಲಿಂದ ಬಂತೆಂದು ಯಾರಿಗೂ ಸರಿಯಾಗಿ ತಿಳಿಯದ ಒಂದು ದೊಡ್ಡ ಸಂಖ್ಯೆ. ಮೊದಲನೆಯದು ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ. ಎರಡನೆಯದನ್ನು ಯಾರಾದರೂ ಒಮ್ಮೆ ಕೆದಕಿದರೆ ಸಾಕು, ಕುಸಿಯುತ್ತದೆ. ಸಂಸ್ಥೆಯ ಮೇಲೆ ಜನ ಇಟ್ಟ ನಂಬಿಕೆಯೂ ಅದರ ಜೊತೆಗೇ ಹೋಗುತ್ತದೆ.

ಹಣದಿಂದ ಆರೋಗ್ಯದವರೆಗೆ ಒಂದು ಸರಪಳಿ ಇದೆ: ಹಣ, ಸಂಶೋಧನೆ, ಹೊಸ ತಿಳಿವು, ಅದು ಚಿಕಿತ್ಸೆಯಲ್ಲೋ ನೀತಿಯಲ್ಲೋ ಬಳಕೆಗೆ ಬರುವುದು, ಕೊನೆಗೆ ಜನರ ಬದುಕಿನಲ್ಲಿ ಬದಲಾವಣೆ. ಪ್ರತಿ ಕೊಂಡಿಗೂ ಪುರಾವೆ ಬೇಕು. ಎಲ್ಲಕ್ಕಿಂತ ಸಡಿಲವಾದ ಕೊಂಡಿ ಯಾವುದೋ, ನಿಮ್ಮ ಹೇಳಿಕೆ ಅದಕ್ಕಿಂತ ಗಟ್ಟಿಯಾಗಿರಕೂಡದು. ಕೆಳಗಿನ ಹಂತಗಳೆಲ್ಲ ಈ ಒಂದು ನಿಯಮವನ್ನು ಪಾಲಿಸುವ ದಾರಿಗಳು.

ಹಂತ 1: ಪ್ರಶ್ನೆಗೆ ಗಡಿ ಹಾಕಿ

ಕೆಲಸ ಶುರು ಮಾಡುವ ಮೊದಲು ಒಂದೇ ವಾಕ್ಯದಲ್ಲಿ ಪ್ರಶ್ನೆ ಬರೆಯಿರಿ. ಯಾವ ಹಣ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕಾಯಿಲೆ, ಯಾರಿಗಾದ ಪ್ರಯೋಜನ ಎಂಬ ನಾಲ್ಕೂ ಅದರಲ್ಲಿರಲಿ. "ನಮ್ಮ ಸಂಶೋಧನೆಯ ಪರಿಣಾಮವೇನು" ಎಂದು ಕೇಳಿದರೆ ಉತ್ತರ ಸಿಗದು. "1995ರಿಂದ 2005ರವರೆಗೆ ಮಧುಮೇಹ ಸಂಶೋಧನೆಗೆ ನಾವು ಕೊಟ್ಟ ಅನುದಾನ ಇಂದಿನ ಚಿಕಿತ್ಸಾ ಮಾರ್ಗಸೂಚಿಗಳಲ್ಲಿ ಎಲ್ಲಿ ಕಾಣುತ್ತದೆ" ಎಂದು ಕೇಳಿದರೆ ಸಿಗುತ್ತದೆ.

ಉದ್ದೇಶವನ್ನೂ ಈಗಲೇ ತೀರ್ಮಾನಿಸಿ. ಲೆಕ್ಕ ಒಪ್ಪಿಸುವುದು, ಮುಂದಿನ ಹಣ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವುದು, ಹೆಚ್ಚು ಹಣಕ್ಕಾಗಿ ವಾದಿಸುವುದು, ತಪ್ಪುಗಳಿಂದ ಕಲಿಯುವುದು ಇವು ಬೇರೆ ಬೇರೆ ಕೆಲಸಗಳು. ಹೆಚ್ಚು ಹಣ ಕೇಳಲೆಂದು ಆರಿಸಿಟ್ಟ ಯಶಸ್ಸಿನ ಕಥೆಗಳನ್ನೇ ಮುಂದೆ ಹಣ ಹಂಚಿಕೆಗೂ ಆಧಾರ ಮಾಡಿಕೊಂಡರೆ ತಪ್ಪು ಖಚಿತ.

ಹಂತ 2: ಸರಪಳಿಯನ್ನು ಕಾಗದದ ಮೇಲೆ ಬಿಡಿಸಿ

ಒಂದು ಕೋಷ್ಟಕ ಮಾಡಿ. ಪ್ರತಿ ಸಾಲು ಒಂದು ಕೊಂಡಿ; ಅಡ್ಡಕ್ಕೆ ಐದು ಕಾಲಂ: ಏನಾಯಿತು, ಯಾವ ವರ್ಷ, ಯಾರ ಹಣ, ಪುರಾವೆ ಏನು, ಪುರಾವೆ ಎಷ್ಟು ಗಟ್ಟಿ. ಕೊನೆಯ ಕಾಲಂ ತುಂಬಲು ಕಷ್ಟ, ಆದರೆ ಮುಂದೆ ನಿಮ್ಮನ್ನು ಕಾಪಾಡುವುದು ಅದೇ.

ಬಾಯಿಯ ಮೂಲಕ ಕೊಡುವ ಜಲಪೂರಣ ದ್ರಾವಣ, ಅಂದರೆ ಓಆರ್‌ಎಸ್‌ನ ಉದಾಹರಣೆ ತೆಗೆದುಕೊಳ್ಳಿ. ಕರುಳಿನಲ್ಲಿ ಸಕ್ಕರೆ ಮತ್ತು ಸೋಡಿಯಂ ಜೊತೆಯಾಗಿ ಒಳಸೇರುತ್ತವೆ ಎಂಬ ವಿವರಣೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟರು. ಅವರು ಹುಡುಕುತ್ತಿದ್ದದ್ದು ಕಾಲರಾಕ್ಕೆ ಮದ್ದನ್ನಲ್ಲ; ಸಕ್ಕರೆ ಜೀವಕೋಶದೊಳಗೆ ಹೋಗುವುದು ಹೇಗೆ ಎಂಬುದನ್ನು. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್, ಗ್ಲೂಕೋಸ್ ಮತ್ತು ಉಪ್ಪಿನ ದ್ರಾವಣ ಕುಡಿಸಿದರೆ ರಕ್ತನಾಳಕ್ಕೆ ಕೊಡುವ ದ್ರವದ ಅಗತ್ಯ ಬಹಳ ಕಡಿಮೆಯಾಗುತ್ತದೆ ಎಂದು ರೋಗಿಗಳಲ್ಲೇ ತೋರಿಸಿದರು. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತಾ ಬಂದಾಗ ದಿಲೀಪ್ ಮಹಲನಬೀಸ್ ತಂಡ ಡ್ರಮ್ಮುಗಳಲ್ಲಿ ಓಆರ್‌ಎಸ್ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿತು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ಶೇ 3.6ಕ್ಕೆ ಇಳಿಯಿತು. 1978ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಅತಿಸಾರ ನಿಯಂತ್ರಣದ ಜಾಗತಿಕ ಕಾರ್ಯಕ್ರಮಕ್ಕೆ ಇದನ್ನೇ ನೆಲೆಯಾಗಿಸಿಕೊಂಡಿತು.

ಇದನ್ನು ಕೋಷ್ಟಕಕ್ಕೆ ಇಳಿಸುವಾಗ ಮೂರು ಸಂಗತಿ ಕಣ್ಣಿಗೆ ಬೀಳುತ್ತವೆ. ಮೊದಲನೆಯದಾಗಿ, ಯಾವೊಬ್ಬ ಹಣದಾತರೂ "ಇದು ನಮ್ಮದು" ಎನ್ನಲಾಗದು. ಎರಡನೆಯದಾಗಿ, ಮೊದಲ ಕೊಂಡಿಗೆ ಹಣ ಕೊಟ್ಟವರಿಗೆ ಕೊನೆಯ ಕೊಂಡಿಯ ಕಲ್ಪನೆಯೂ ಇರಲಿಲ್ಲ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಬನಗಾಂವ್‌ನ ಹೋಲಿಕೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಾಗಿ ಹಂಚಿ ಮಾಡಿದ್ದಲ್ಲ, ದ್ರಾವಣ ಸಿಕ್ಕವರನ್ನು ಬೇರೆಡೆ, ಬೇರೆ ಸ್ಥಿತಿಯಲ್ಲಿ ಇದ್ದವರೊಂದಿಗೆ ಹೋಲಿಸಿದ್ದು. ಆದ್ದರಿಂದ ಪುರಾವೆಯ ಗಟ್ಟಿತನದ ಕಾಲಂನಲ್ಲಿ ಆ ಸಾಲಿಗೆ "ಮಧ್ಯಮ" ಎಂದು ಬರೆಯಬೇಕು. ಢಾಕಾದ ಅಧ್ಯಯನವೂ ಆಮೇಲಿನ ಪ್ರಯೋಗಗಳೂ ಜೊತೆಗಿರುವುದರಿಂದ ಸರಪಳಿ ಒಟ್ಟಾರೆ ಗಟ್ಟಿಯಾಗಿದೆ.

ಕೊಂಡಿಗಳಿಗೆ ಹೆಸರಿಡಲು ಸಿದ್ಧ ಚೌಕಟ್ಟು ಬೇಕೆಂದರೆ, ಇಂಗ್ಲೆಂಡಿನ ಬ್ರುನೆಲ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಬಕ್ಸ್‌ಟನ್ ಮತ್ತು ಸ್ಟೀಫನ್ ಹ್ಯಾನಿ 1990ರ ದಶಕದಲ್ಲಿ ರೂಪಿಸಿದ "ಪೇಬ್ಯಾಕ್" ಚೌಕಟ್ಟು ಇಂದಿಗೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಪ್ರಯೋಜನಗಳು ಐದು: ಹೊಸ ತಿಳಿವು, ಮುಂದಿನ ಸಂಶೋಧನೆಗೆ ಸಿಗುವ ಬಲ ಮತ್ತು ತರಬೇತಾದ ಜನ, ನೀತಿ ಮತ್ತು ಆಡಳಿತದ ತೀರ್ಮಾನಗಳಿಗೆ ಆಧಾರ, ಆರೋಗ್ಯ ಮತ್ತು ಆರೋಗ್ಯ ಸೇವೆಗೆ ಆಗುವ ಲಾಭ, ವಿಶಾಲವಾದ ಆರ್ಥಿಕ ಲಾಭ. ಎಲ್ಲ ಅನುದಾನವೂ ಐದನ್ನೂ ಕೊಡಬೇಕೆಂದು ನಿರೀಕ್ಷಿಸಬೇಡಿ. ಮೂಲ ವಿಜ್ಞಾನದ ಅನುದಾನ ಮೊದಲೆರಡನ್ನು ಚೆನ್ನಾಗಿ ಕೊಟ್ಟಿದ್ದರೆ ಅದು ತನ್ನ ಕೆಲಸ ಮಾಡಿದೆ.

ಹಂತ 3: ಹಿಂದಕ್ಕೆ ನಡೆಯಿರಿ, ಮುಂದಕ್ಕೂ ನಡೆಯಿರಿ

ಪುರಾವೆ ಹುಡುಕಲು ಎರಡು ದಾರಿಗಳಿವೆ. ಹಿಂದಕ್ಕೆ ನಡೆಯುವುದೆಂದರೆ ಇಂದು ಬಳಕೆಯಲ್ಲಿರುವ ಚಿಕಿತ್ಸಾ ಮಾರ್ಗಸೂಚಿಯಿಂದ ಹೊರಡುವುದು. ಮೂರರಿಂದ ಐದು ಮುಖ್ಯ ಶಿಫಾರಸುಗಳನ್ನು ಆರಿಸಿ. ಪ್ರತಿ ಶಿಫಾರಸಿನ ಕೆಳಗೆ ಉಲ್ಲೇಖಿಸಿದ ಪ್ರಬಂಧಗಳನ್ನು ತೆಗೆಯಿರಿ. ಅವುಗಳಲ್ಲಿ ಹಲವು ಸ್ವತಃ ಪ್ರಯೋಗಗಳಾಗಿರುವುದಿಲ್ಲ, ಪ್ರಯೋಗಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಗಳಾಗಿರುತ್ತವೆ. ಸಮೀಕ್ಷೆಯೊಳಗಿನ ಮೂಲ ಪ್ರಯೋಗಗಳವರೆಗೆ ಇಳಿಯಲೇಬೇಕು. ಅಲ್ಲಿ ಕೊನೆಯ ಪುಟದ ಕೃತಜ್ಞತೆಯ ಭಾಗದಲ್ಲಿ ಹಣ ಕೊಟ್ಟವರ ಹೆಸರಿರುತ್ತದೆ. ಒಂದೇ ಸಂಸ್ಥೆ ನಾಲ್ಕಾರು ಬಗೆಯ ಹೆಸರಿನಲ್ಲಿ, ಸಂಕ್ಷೇಪದಲ್ಲಿ, ಹಳೆಯ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಹೆಸರುಗಳ ಪಟ್ಟಿ ಮಾಡಿಕೊಂಡೇ ಶುರು ಮಾಡಿ. ಹಳೆಯ ಪ್ರಬಂಧಗಳಲ್ಲಿ ಈ ಸಾಲೇ ಇಲ್ಲದಿರಬಹುದು. ಆಗ "ಹಣದ ಮೂಲ ತಿಳಿಯದು" ಎಂಬ ಬೇರೆ ಗುಂಪು ಮಾಡಿ. ಅವನ್ನು ನಿಮ್ಮ ಖಾತೆಗೂ ಸೇರಿಸಬೇಡಿ, ಬೇರೆಯವರ ಖಾತೆಗೂ ತಳ್ಳಬೇಡಿ.

ಈ ವರ್ಗೀಕರಣವನ್ನು ಒಬ್ಬರೇ ಮಾಡಿ ಮುಗಿಸಬಾರದು. ಐದರಲ್ಲಿ ಒಂದು ಭಾಗದಷ್ಟು ದಾಖಲೆಗಳನ್ನು ಇಬ್ಬರು ಪರಸ್ಪರ ನೋಡದೆ ವರ್ಗೀಕರಿಸಿ ಹೋಲಿಸಿ. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಕಡೆ ಭಿನ್ನಾಭಿಪ್ರಾಯ ಬಂದರೆ ತೊಂದರೆ ಇರುವುದು ನಿಮ್ಮ ನಿಯಮಗಳಲ್ಲಿ. ಅವನ್ನು ತಿದ್ದಿ ಮತ್ತೆ ಶುರು ಮಾಡಿ.

ಹಿಂದಕ್ಕೆ ನಡೆಯುವ ದಾರಿಯ ಹಿರಿಯ ಮಾದರಿ 1976ರಲ್ಲಿ ಜೂಲಿಯಸ್ ಕಾಮ್ರೋ ಮತ್ತು ರಾಬರ್ಟ್ ಡ್ರಿಪ್ಸ್ ಪ್ರಕಟಿಸಿದ ಅಧ್ಯಯನ. ಹೃದಯ ಮತ್ತು ಶ್ವಾಸಕೋಶ ಚಿಕಿತ್ಸೆಯ ಹತ್ತು ದೊಡ್ಡ ಮುನ್ನಡೆಗಳನ್ನು ತೆಗೆದುಕೊಂಡು, ಅವುಗಳಿಗೆ ಅತ್ಯಗತ್ಯವಾಗಿದ್ದ 529 ಪ್ರಬಂಧಗಳನ್ನು ಗುರುತಿಸಿದರು. ಆ ಕೆಲಸಗಳಲ್ಲಿ ಶೇ 41ರಷ್ಟು, ನಡೆದ ಕಾಲದಲ್ಲಿ ಯಾವ ರೋಗದ ಚಿಕಿತ್ಸೆಯನ್ನೂ ಗುರಿಯಾಗಿಟ್ಟುಕೊಂಡಿರಲಿಲ್ಲ. ಮೂಲ ವಿಜ್ಞಾನದ ಪರ ವಾದಿಸುವವರಿಗೆ ಇದು ಬಲವಾದ ಸಂಗತಿ. ಆದರೆ ಈ ದಾರಿಗೆ ಒಂದು ಕುರುಡು ಬದಿಯಿದೆ: ಯಶಸ್ಸಿನಿಂದಲೇ ಹೊರಡುವುದರಿಂದ ಎಲ್ಲೂ ತಲುಪದ ಸಂಶೋಧನೆ ಕಣ್ಣಿಗೆ ಬೀಳುವುದೇ ಇಲ್ಲ.

ಅದಕ್ಕಾಗಿಯೇ ಮುಂದಕ್ಕೆ ನಡೆಯುವ ದಾರಿಯೂ ಬೇಕು. ಕೊಟ್ಟ ಎಲ್ಲ ಅನುದಾನಗಳ ಪಟ್ಟಿಯಿಂದ ಯಾರ ಇಷ್ಟಾನಿಷ್ಟಕ್ಕೂ ಒಳಗಾಗದಂತೆ ಕೆಲವನ್ನು ಎತ್ತಿ, ಪ್ರತಿಯೊಂದೂ ಎಲ್ಲಿಗೆ ಮುಟ್ಟಿತು ಎಂದು ನೋಡಿ. ಬ್ರಿಟನ್ನಿನಲ್ಲಿ 2014ರ ಸಂಶೋಧನಾ ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯಗಳು 6,975 ಪರಿಣಾಮ ಕಥನಗಳನ್ನು ಸಲ್ಲಿಸಿದವು. ಅವು ಅಮೂಲ್ಯ ದಾಖಲೆಗಳು. ಆದರೆ ತಮ್ಮಲ್ಲಿ ಅತ್ಯುತ್ತಮವೆನಿಸಿದ್ದನ್ನು ಅವರೇ ಆರಿಸಿ ಕಳಿಸಿದ್ದು ಅದು. ಸಂಶೋಧನೆಯಿಂದ ಏನಾಗಬಲ್ಲದು ಎಂಬುದನ್ನು ಅವು ತೋರಿಸುತ್ತವೆ. ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನಲ್ಲ.

ಸಂದರ್ಶನಗಳನ್ನೂ ಮಾಡಿ. ಒಂದು ಪ್ರಕರಣಕ್ಕೆ ಆರರಿಂದ ಎಂಟು ಜನ ಸಾಕು, ಆದರೆ ಅವರಲ್ಲಿ ಅರ್ಧದಷ್ಟಾದರೂ ಸಂಶೋಧನೆಯನ್ನು ಬಳಸಿದವರಿರಲಿ: ಮಾರ್ಗಸೂಚಿ ಸಮಿತಿಯ ಸದಸ್ಯರು, ವಾರ್ಡಿನ ನರ್ಸ್, ಔಷಧ ಖರೀದಿ ನೋಡುವವರು. ಅವರನ್ನು ಕೇಳಬೇಕಾದ ಅತಿಮುಖ್ಯ ಪ್ರಶ್ನೆ: "ಈ ಅಧ್ಯಯನ ಬಂದಿರದಿದ್ದರೆ ನೀವು ಏನು ಮಾಡುತ್ತಿದ್ದಿರಿ?" ಸಂಶೋಧಕರ ಮಾತನ್ನು ಮಾತ್ರ ಕೇಳಿದರೆ ಎಲ್ಲ ದಾರಿಗಳೂ ಅವರ ಪ್ರಯೋಗಾಲಯದಿಂದಲೇ ಹೊರಟಂತೆ ಕಾಣುತ್ತವೆ. ಅದು ಅವರ ಅಪ್ರಾಮಾಣಿಕತೆಯಲ್ಲ. ಅವರು ನಿಂತಿರುವ ಜಾಗದಿಂದ ಕಾಣುವುದೇ ಹಾಗೆ.

ಹಂತ 4: ಎಷ್ಟು ಕಾಲ ಕಾಯಬೇಕೆಂದು ಮೊದಲೇ ಹೇಳಿ

ಬ್ರಿಟನ್ನಿನ ಹೃದ್ರೋಗ ಸಂಶೋಧನೆಯ ಲೆಕ್ಕಾಚಾರದಲ್ಲಿ, ಹಣ ಖರ್ಚಾಗಿ ಆರೋಗ್ಯದ ಲಾಭ ಕಾಣಲು ಹಿಡಿದ ಸಮಯವನ್ನು ಸುಮಾರು 17 ವರ್ಷವೆಂದು ಹಿಡಿಯಲಾಯಿತು, ಕ್ಯಾನ್ಸರ್‌ನಲ್ಲಿ 15. ಲಸಿಕೆಗಳಲ್ಲಿ ಇನ್ನೂ ಹೆಚ್ಚಾಗಬಹುದು. ಮಕ್ಕಳ ಅತಿಸಾರ ತಡೆಯುವ ಭಾರತದ ರೋಟಾವ್ಯಾಕ್ ಲಸಿಕೆಗೆ ಮೂಲವಾದ 116ಇ ವೈರಸ್ ತಳಿ 1980ರ ದಶಕದ ನಡುವಿನಲ್ಲಿ ದೆಹಲಿಯ ನವಜಾತ ಶಿಶುಗಳಲ್ಲಿ ಸಿಕ್ಕಿತು. ಲಸಿಕೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದ್ದು 2016ರಲ್ಲಿ. ಈ ನಡುವೆ ಹತ್ತನೆಯ ವರ್ಷದಲ್ಲಿ ಯಾರಾದರೂ "ಎಷ್ಟು ಮಕ್ಕಳು ಉಳಿದರು" ಎಂದು ಕೇಳಿದ್ದರೆ ಉತ್ತರ ಸೊನ್ನೆ. ಆ ಸೊನ್ನೆಯ ಆಧಾರದಲ್ಲಿ ಹಣ ನಿಲ್ಲಿಸಿದ್ದರೆ ಲಸಿಕೆಯೂ ಇರುತ್ತಿರಲಿಲ್ಲ.

ಆದ್ದರಿಂದ ಯಾವ ವಯಸ್ಸಿನ ಅನುದಾನಕ್ಕೆ ಯಾವ ಪ್ರಶ್ನೆ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಮೊದಲ ಎರಡು ವರ್ಷ: ಪ್ರಯೋಗ ನೋಂದಣಿಯಾಗಿದೆಯೇ, ಬೇಕಾದಷ್ಟು ಜನ ಸೇರುತ್ತಿದ್ದಾರೆಯೇ. ಐದು ವರ್ಷದ ಹೊತ್ತಿಗೆ: ಫಲಿತಾಂಶ, ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರಕಟವಾಗಿದೆಯೇ, ಅಂಕಿಅಂಶ ಬೇರೆಯವರಿಗೂ ಸಿಗುತ್ತಿದೆಯೇ. ಹತ್ತರ ಹೊತ್ತಿಗೆ: ಮಾರ್ಗಸೂಚಿ, ಔಷಧ ಪಟ್ಟಿ, ಕಾನೂನು ಇವುಗಳಲ್ಲಿ ಹೆಜ್ಜೆ ಗುರುತಿದೆಯೇ. ಕಾಯಿಲೆ, ಸಾವಿನ ಪ್ರಮಾಣಗಳನ್ನು ಕೇಳುವುದು ಅದರ ಆಚೆಗೆ. ಸಾಂಕ್ರಾಮಿಕದ ತುರ್ತಿನಲ್ಲಿ ಈ ಅವಧಿಗಳೆಲ್ಲ ಕೆಲವೇ ತಿಂಗಳಿಗೆ ಕುಗ್ಗಬಹುದು, ಆದರೆ ಅದನ್ನೇ ಮಾದರಿ ಎಂದುಕೊಳ್ಳಬಾರದು.

ಹಂತ 5: ನಿಮ್ಮ ಪಾಲು ಎಷ್ಟು?

ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ. ಒಂದು ಕಾಯಿಲೆಯ ಸಾವು ಇಳಿಯಿತು, ನಾವು ಆ ಕಾಯಿಲೆಯ ಸಂಶೋಧನೆಗೆ ಹಣ ಕೊಟ್ಟಿದ್ದೆವು, ಆದ್ದರಿಂದ ಸಾವು ಇಳಿದದ್ದು ನಮ್ಮಿಂದ ಎಂಬ ವಾದ ಮೇಲ್ನೋಟಕ್ಕೇ ತಪ್ಪು. ಆದರೂ ವಾರ್ಷಿಕ ವರದಿಗಳಲ್ಲಿ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ.

ಬ್ರಿಟನ್ನಿನ ಕ್ಯಾನ್ಸರ್ ಸಂಶೋಧನೆಯ 2014ರ ಲೆಕ್ಕಾಚಾರ ಇದನ್ನು ನಿಭಾಯಿಸಿದ ಬಗೆ ಕಲಿಯುವಂಥದ್ದು. 1991ರಿಂದ 2010ರವರೆಗಿನ ಆರೋಗ್ಯ ಲಾಭವನ್ನು ಮೊದಲು ಒಟ್ಟಾಗಿ ಅಳೆದರು. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಬಂದದ್ದು ಹೊಸ ಔಷಧದಿಂದಲ್ಲ, ಧೂಮಪಾನ ಇಳಿದದ್ದರಿಂದ. ತಂಬಾಕಿನ ಕೇಡನ್ನು ಸಂಶೋಧನೆ ತೋರಿಸಿಕೊಟ್ಟಿತು ನಿಜ, ಆದರೆ ತೆರಿಗೆ, ಜಾಹೀರಾತು ನಿಷೇಧ, ಜನರ ಮನಸ್ಸಿನ ಬದಲಾವಣೆ ಇವೆಲ್ಲ ಸೇರಿಯೇ ಅದು ಇಳಿದದ್ದು. ಆಮೇಲೆ, ವಿಜ್ಞಾನಕ್ಕೆ ಗಡಿಯಿಲ್ಲವಾದ್ದರಿಂದ, ಈ ಲಾಭದಲ್ಲಿ ಬ್ರಿಟನ್ನಿನ ಸಂಶೋಧನೆಯ ಪಾಲೆಷ್ಟೆಂದು ತಿಳಿಯಲು ಅಲ್ಲಿನ ಮಾರ್ಗಸೂಚಿಗಳು ಉಲ್ಲೇಖಿಸಿದ ಪ್ರಬಂಧಗಳನ್ನು ಎಣಿಸಿ ಶೇ 17 ಎಂದು ಹಿಡಿದರು. ಉಳಿದ ಶೇ 83ರ ಕೀರ್ತಿ ಬೇರೆ ದೇಶಗಳ ಸಂಶೋಧನೆಗೆ ಸೇರಿದ್ದು.

ಕೊಟ್ಟ ಹಣದ ಅನುಪಾತ, ಮಾರ್ಗಸೂಚಿಯಲ್ಲಿ ಉಲ್ಲೇಖದ ಅನುಪಾತ, ಪರಿಣತರ ಅಂದಾಜು ಈ ಮೂರರಲ್ಲಿ ಯಾವುದೂ ಪೂರ್ತಿ ಸರಿಯಲ್ಲ. ಮೂರನ್ನೂ ಲೆಕ್ಕ ಹಾಕಿ, ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ನಡುವಿನ ಅಂತರವನ್ನೇ ವ್ಯಾಪ್ತಿಯಾಗಿ ಕೊಡುವುದು ಪ್ರಾಮಾಣಿಕ ದಾರಿ. ಎಲ್ಲರ ಪಾಲನ್ನೂ ಕೂಡಿಸಿದರೆ ನೂರು ದಾಟಕೂಡದು ಎಂಬುದನ್ನೂ ಪರೀಕ್ಷಿಸಿ. ಒಂದೇ ಔಷಧದ ಪೂರ್ಣ ಲಾಭವನ್ನು ನಾಲ್ಕು ಸಂಸ್ಥೆಗಳು ತಮ್ಮ ತಮ್ಮ ವರದಿಯಲ್ಲಿ ಬರೆದುಕೊಂಡರೆ ಅದೇ ಮಗು ನಾಲ್ಕು ಸಲ ಉಳಿದಂತಾಗುತ್ತದೆ.

ಹಂತ 6: ಸಂಖ್ಯೆಗೆ ಇಳಿಸಿ

ಆರೋಗ್ಯ ಲಾಭದ ಸಾಮಾನ್ಯ ಅಳತೆ "ಕ್ವಾಲಿ". ಪೂರ್ಣ ಆರೋಗ್ಯದಲ್ಲಿ ಕಳೆದ ಒಂದು ವರ್ಷ ಒಂದು ಕ್ವಾಲಿ. ಅರ್ಧ ಆರೋಗ್ಯದಲ್ಲಿ ಕಳೆದ ಎರಡು ವರ್ಷವೂ ಒಂದೇ. ಲೆಕ್ಕದ ಹೆಜ್ಜೆಗಳನ್ನು ಕಲ್ಪಿತ ಅಂಕಿಗಳಲ್ಲಿ ನೋಡೋಣ.

ಒಂದು ಹೊಸ ಚಿಕಿತ್ಸೆ. ವರ್ಷಕ್ಕೆ 10,000 ರೋಗಿಗಳಿಗೆ ಬೇಕು, ಸಿಗುತ್ತಿರುವುದು ಶೇ 40 ಜನರಿಗೆ, ಅಂದರೆ 4,000. ಒಬ್ಬರಿಗೆ 0.2 ಕ್ವಾಲಿ ಲಾಭವೆಂದರೆ ಒಟ್ಟು 800. ಒಂದು ಕ್ವಾಲಿಗೆ 100 ನಾಣ್ಯ ಬೆಲೆ ಕಟ್ಟಿದರೆ 80,000. ಇಲ್ಲಿಗೆ ನಿಲ್ಲಿಸುವುದು ದೊಡ್ಡ ತಪ್ಪು, ಏಕೆಂದರೆ ಚಿಕಿತ್ಸೆ ಕೊಡಲೂ ಹಣ ಬೇಕು. ಒಬ್ಬರಿಗೆ ಹೆಚ್ಚುವರಿ 8 ನಾಣ್ಯವೆಂದರೆ 32,000 ಕಳೆಯಬೇಕು. ಉಳಿದದ್ದು 48,000. ನಮ್ಮ ಪಾಲು ಶೇ 25 ಎಂದಾದರೆ 12,000. ಈ ಲಾಭ ಬರುವುದು ಹಣ ಕೊಟ್ಟ 17 ವರ್ಷದ ನಂತರ. ವರ್ಷಕ್ಕೆ ಶೇ 3.5ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಸುಮಾರು 6,690. ಮೊದಲು ಕಂಡ 80,000ಕ್ಕೂ ಕೊನೆಗೆ ಉಳಿದದ್ದಕ್ಕೂ ಎಷ್ಟು ದೂರವೆಂದು ನೋಡಿ.

ಈಗ ಅನಿಶ್ಚಿತತೆ. ಚಿಕಿತ್ಸೆ ತಲುಪುವ ಪ್ರಮಾಣ ಶೇ 20ರಿಂದ 60, ನಮ್ಮ ಪಾಲು ಶೇ 10ರಿಂದ 40 ಎಂದು ಹಿಡಿದರೆ, ಇಂದಿನ ಬೆಲೆಗೆ ಇಳಿಸುವ ಮೊದಲಿನ 12,000 ಎಂಬ ಸಂಖ್ಯೆ 2,400 ಕೂಡ ಆಗಬಹುದು, 28,800 ಕೂಡ ಆಗಬಹುದು. ಹನ್ನೆರಡು ಪಟ್ಟು ಅಂತರ! ಇದನ್ನು ಕಂಡು ಕಂಗೆಡಬೇಡಿ, ಮುಚ್ಚಿಡಲೂ ಬೇಡಿ. ಯಾವ ಊಹೆ ಈ ಅಂತರವನ್ನು ಹೆಚ್ಚಿಸುತ್ತಿದೆ ಎಂದು ಕಂಡುಹಿಡಿಯಿರಿ. ಮುಂದಿನ ಪುರಾವೆ ಹುಡುಕುವ ಶ್ರಮ ಅಲ್ಲಿಗೇ ಹೋಗಲಿ.

ಆರ್ಥಿಕ ಲಾಭದ ಸಂಖ್ಯೆಗಳನ್ನು ಬೇರೆಯಾಗಿಯೇ ಇಡಿ. ಮೇಲಿನ ಕ್ಯಾನ್ಸರ್ ಲೆಕ್ಕದಲ್ಲಿ ಆರೋಗ್ಯದಿಂದ ಬಂದ ಪ್ರತಿಫಲ ವರ್ಷಕ್ಕೆ ಶೇ 10. ಸಂಶೋಧನೆ ಉದ್ಯಮವನ್ನು ಬೆಳೆಸುವುದರಿಂದ ಬರುವ ಲಾಭ ಶೇ 30. ಎರಡನ್ನೂ ಕೂಡಿಸಿ ಶೇ 40 ಎನ್ನುವುದು ರೂಢಿ. ಆದರೆ ಎರಡನೆಯದು ಬೇರೆ ಅಧ್ಯಯನಗಳಿಂದ ಎರವಲು ತಂದ ಅಂದಾಜು, ಆ ಸಂಶೋಧನೆಯಲ್ಲೇ ಅಳೆದದ್ದಲ್ಲ. ಅದನ್ನು ಓದುಗರಿಗೆ ಹೇಳಲೇಬೇಕು. ಇನ್ನೊಂದು ಎಚ್ಚರಿಕೆಯ ಉದಾಹರಣೆ: ಮಾನವ ಜೀನೋಮ್ ಯೋಜನೆಯ 3.8 ಶತಕೋಟಿ ಡಾಲರ್ (2010ರ ಬೆಲೆಯಲ್ಲಿ 5.6 ಶತಕೋಟಿ) ಹೂಡಿಕೆಯಿಂದ 796 ಶತಕೋಟಿ ಡಾಲರ್ ಆರ್ಥಿಕ ಪರಿಣಾಮ, ಅಂದರೆ ಒಂದಕ್ಕೆ 141 ಎಂದು 2011ರಲ್ಲಿ ಬಟೆಲ್ ಸಂಸ್ಥೆ ವರದಿ ಕೊಟ್ಟಿತು. ಆ ವಿಧಾನ ಎಣಿಸುವುದು ಹಣದ ಓಡಾಟವನ್ನು. ಸಂಬಳ, ಸಲಕರಣೆ, ಕಂಪನಿಗಳ ಖರ್ಚು ಎಲ್ಲವೂ ಲಾಭದ ಕಡೆಗೇ ಬೀಳುತ್ತವೆ, ಅದೇ ಹಣ ಬೇರೆಡೆ ಖರ್ಚಾಗಿದ್ದರೂ ಓಡಾಡುತ್ತಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಇಂಥ ಸಂಖ್ಯೆಯನ್ನು "ಜನರ ಆರೋಗ್ಯಕ್ಕಾದ ಲಾಭ" ಎಂದು ಎಂದೂ ಕರೆಯಬೇಡಿ.

ಹಂತ 7: "ಕೆಲಸ ಮಾಡಲಿಲ್ಲ" ಎಂಬ ಫಲಿತಾಂಶವನ್ನೂ ಎಣಿಸಿ

ಹೃದಯಾಘಾತವಾದವರಲ್ಲಿ ಹೃದಯದ ಲಯ ತಪ್ಪುವುದನ್ನು ಅಡಗಿಸುವ ಎನ್‌ಕೈನೈಡ್, ಫ್ಲೆಕೈನೈಡ್ ಔಷಧಗಳನ್ನು ವೈದ್ಯರು ಒಳ್ಳೆಯ ಉದ್ದೇಶದಿಂದಲೇ ಬರೆದುಕೊಡುತ್ತಿದ್ದರು. ಅಮೆರಿಕದಲ್ಲಿ ಸಾರ್ವಜನಿಕ ಹಣದಿಂದ ನಡೆದ 'ಕಾಸ್ಟ್' ಎಂಬ ಪ್ರಯೋಗ 1989ರಲ್ಲಿ ಇವೆರಡನ್ನೂ ನಿಲ್ಲಿಸಿತು. ಔಷಧ ಪಡೆದ 755 ಜನರಲ್ಲಿ 63 ಮಂದಿ ಸತ್ತಿದ್ದರು; ಸುಳ್ಳುಮಾತ್ರೆ ಪಡೆದ 743 ಜನರಲ್ಲಿ 26. ಇಸಿಜಿ ಚೆಂದ ಕಾಣಿಸುತ್ತಿತ್ತು, ಜನ ಸಾಯುತ್ತಿದ್ದರು. ಇಂಥ ಪ್ರಯೋಗದಿಂದ ಹೊಸ ಔಷಧವಾಗಲಿ ಪೇಟೆಂಟ್ ಆಗಲಿ ಬರಲಿಲ್ಲ. ಪ್ರಯೋಜನವೋ, ಅಪಾರ. ನಿಮ್ಮ ಕೋಷ್ಟಕದಲ್ಲಿ "ನಿಲ್ಲಿಸಿದ ಹಾನಿ" ಎಂಬ ಸಾಲು ಇಲ್ಲದಿದ್ದರೆ ಇದು ವೈಫಲ್ಯವೆಂದೇ ದಾಖಲಾಗುತ್ತದೆ.

ಲಾಭದ ಜೊತೆಗೆ ಬಂದ ನಷ್ಟವನ್ನೂ ಅದೇ ಪುಟದಲ್ಲಿ ಬರೆಯಿರಿ. ಋತುಬಂಧದ ನಂತರದ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಪ್ರಯೋಗ 2002ರಲ್ಲಿ ನಿಂತಿತು. ಸುಮಾರು 260 ದಶಲಕ್ಷ ಡಾಲರ್ ಖರ್ಚಾದ ಆ ಪ್ರಯೋಗದಿಂದ 37.1 ಶತಕೋಟಿ ಡಾಲರ್ ನಿವ್ವಳ ಲಾಭ ಎಂದು 2014ರ ಅಧ್ಯಯನವೊಂದು ಲೆಕ್ಕ ಹಾಕಿತು. ಸ್ತನ ಕ್ಯಾನ್ಸರ್ 1,26,000 ಕಡಿಮೆಯಾಯಿತು ಎಂದ ಆ ಅಧ್ಯಯನ, ಮೂಳೆ ಮುರಿತ 2,63,000 ಹೆಚ್ಚಾಯಿತು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿತ್ತು. ಸಂಖ್ಯೆಯನ್ನು ಒಪ್ಪಲಿ ಬಿಡಲಿ, ಈ ನಡೆ ಅನುಕರಣೀಯ.

ಹಂತ 8: ತಿಳಿಸಿ ಹೇಳುವುದು

ಮೊದಲ ನಿಯಮ: ಶೇಕಡಾ ಇಳಿಕೆಯ ಬದಲು ನೂರು ಜನರ ಲೆಕ್ಕ ಕೊಡಿ. ಬ್ರಿಟನ್ನಿನ 'ರಿಕವರಿ' ಪ್ರಯೋಗ 2020ರ ಜೂನ್‌ನಲ್ಲಿ ಡೆಕ್ಸಾಮೆಥಾಸೋನ್ ಕೋವಿಡ್ ಸಾವನ್ನು ಇಳಿಸುತ್ತದೆಂದು ತೋರಿಸಿತು. "ಸಾವು ಮೂರನೇ ಒಂದರಷ್ಟು ಇಳಿಕೆ" ಎಂಬ ತಲೆಬರಹ ಸುಳ್ಳಲ್ಲ, ಆದರೆ ಅಪೂರ್ಣ. ಪೂರ್ಣ ಚಿತ್ರ ಹೀಗಿದೆ: ವೆಂಟಿಲೇಟರ್ ಮೇಲಿದ್ದ ನೂರು ಜನರಲ್ಲಿ 28 ದಿನದೊಳಗೆ ಔಷಧವಿಲ್ಲದೆ 41 ಜನ ಸತ್ತರು, ಔಷಧ ಕೊಟ್ಟಾಗ 29. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ 26ರ ಬದಲು 23. ಆಮ್ಲಜನಕವೇ ಬೇಡವಾಗಿದ್ದವರಲ್ಲಿ ಲಾಭ ಕಾಣಲಿಲ್ಲ. ಅಂಕಿಗಳು ಹಾನಿಯ ಕಡೆಗೇ ವಾಲಿದ್ದವು. ಈ ಮೂರನೆಯ ವಾಕ್ಯ ಬಿಟ್ಟರೆ ಮನೆಯಲ್ಲಿ ಸಣ್ಣ ಜ್ವರವಿದ್ದವರೂ ಮಾತ್ರೆ ನುಂಗುತ್ತಾರೆ. ಇದೇ ಔಷಧದಿಂದ ಜಗತ್ತಿನಲ್ಲಿ ಹತ್ತು ಲಕ್ಷ ಜೀವ ಉಳಿದವು ಎಂದು 2021ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳಿತು. ನೂರಕ್ಕೆ 41ರ ಬದಲು 29 ಎಂಬುದು ಎಣಿಸಿದ್ದು. ಹತ್ತು ಲಕ್ಷ ಎಂಬುದು ಅಂದಾಜಿಸಿದ್ದು. ಎರಡನ್ನೂ ಬಳಸಬಹುದು, ಆದರೆ ಯಾವುದು ಯಾವುದೆಂದು ಓದುಗರಿಗೆ ಗೊತ್ತಾಗಬೇಕು.

ಎರಡನೆಯದು ಕ್ರಿಯಾಪದದ ಆಯ್ಕೆ. ಸುಳ್ಳು ನುಸುಳುವುದು ಹೆಚ್ಚಾಗಿ ಕ್ರಿಯಾಪದದಲ್ಲೇ. ಎಲ್ಲ ಕೊಂಡಿಗಳಿಗೂ ಗಟ್ಟಿ ಪುರಾವೆಯಿದ್ದು ಬೇರೆ ಹಣದಾತರಿಲ್ಲದಿದ್ದರೆ ಮಾತ್ರ "ಜೀವ ಉಳಿಸಿತು". ಹಲವರ ಪಾಲಿದ್ದರೆ "ಉಳಿಸುವಲ್ಲಿ ನೆರವಾಯಿತು". ಬಳಕೆಗೆ ಬಂದಿದೆ, ಆರೋಗ್ಯ ಲಾಭ ಅಳೆದಿಲ್ಲವೆಂದರೆ "ಚಿಕಿತ್ಸೆಯ ರೀತಿ ಬದಲಿಸಿತು". ಇನ್ನೂ ಪ್ರಯೋಗಾಲಯದಲ್ಲೇ ಇದ್ದರೆ "ಮುಂದಿನ ಸಂಶೋಧನೆಗೆ ದಾರಿ ಮಾಡಿತು". 2010ರಿಂದ 2016ರವರೆಗೆ ಅಮೆರಿಕದಲ್ಲಿ ಅನುಮೋದನೆ ಪಡೆದ 210 ಹೊಸ ಔಷಧಗಳಲ್ಲಿ ಪ್ರತಿಯೊಂದರ ಹಿಂದಿನ ಸಂಶೋಧನೆಯಲ್ಲೂ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ, ಅಂದರೆ ಎನ್‌ಐಎಚ್‌ನ ಹಣವಿತ್ತು ಎಂದು 2018ರ ಅಧ್ಯಯನ ತೋರಿಸಿತು. ಅದರ ಬಹುಪಾಲು, ಔಷಧ ಗುರಿಯಿಡುವ ಜೈವಿಕ ಅಣುಗಳ ಕುರಿತ ಮೂಲ ಸಂಶೋಧನೆ. "210 ಔಷಧಗಳನ್ನು ಸಾರ್ವಜನಿಕ ಹಣ ತಯಾರಿಸಿತು" ಎಂದು ಬರೆದರೆ ತಪ್ಪು. "210ಕ್ಕೂ ಸಾರ್ವಜನಿಕ ಹಣದ ಸಂಶೋಧನೆ ತಳಹದಿಯಲ್ಲಿತ್ತು" ಎಂದರೆ ಸರಿ, ಮತ್ತು ಅಷ್ಟೇ ಬಲವಾದ ಮಾತು.

ಪತ್ರಿಕಾ ಪ್ರಕಟಣೆಯ ಜವಾಬ್ದಾರಿ ಹಗುರವಲ್ಲ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪ್ರಕಟಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ಪ್ರಾಣಿಗಳ ಮೇಲಿನ ಸಂಶೋಧನೆಯನ್ನು ಮನುಷ್ಯರಿಗೆ ಅತಿಯಾಗಿ ಅನ್ವಯಿಸಿದ್ದು ಶೇ 36ರಷ್ಟು. ಪ್ರಕಟಣೆಯಲ್ಲೇ ಈ ಉತ್ಪ್ರೇಕ್ಷೆ ಇದ್ದಾಗ ಶೇ 86 ಸುದ್ದಿಗಳಲ್ಲೂ ಇತ್ತು, ಇಲ್ಲದಿದ್ದಾಗ ಶೇ 10 ಸುದ್ದಿಗಳಲ್ಲಿ ಮಾತ್ರ. ಉಬ್ಬಿಸಿದ್ದರಿಂದ ಸುದ್ದಿ ಹೆಚ್ಚು ಕಡೆ ಬಂತು ಎಂಬುದಕ್ಕೆ ಆಧಾರವೂ ಸಿಗಲಿಲ್ಲ. ಎಂದಮೇಲೆ ತಪ್ಪನ್ನು ಪತ್ರಕರ್ತರ ತಲೆಗೆ ಕಟ್ಟುವ ಮೊದಲು ನಮ್ಮ ಕರಡನ್ನು ನೋಡಿಕೊಳ್ಳಬೇಕು. ಇಲಿಗಳ ಮೇಲೆ ಮಾಡಿದ್ದಾದರೆ "ಇಲಿ" ಎಂಬ ಪದ ತಲೆಬರಹದಲ್ಲೇ ಇರಲಿ, ಆರನೆಯ ಪ್ಯಾರಾದಲ್ಲಲ್ಲ.

ಯಾರಿಗೆ ಹೇಳುತ್ತಿದ್ದೀರಿ ಎಂಬುದರ ಮೇಲೆ ಅಳತೆ ಬದಲಾಗುತ್ತದೆ, ಸತ್ಯ ಬದಲಾಗಬಾರದು. ಶಾಸಕರಿಗೆ ಒಂದು ಪುಟ: ಒಂದು ಸಂಖ್ಯೆ, ಅದರ ವ್ಯಾಪ್ತಿ, ಒಂದು ಸರಪಳಿ, ಈಗ ಬೇಕಾದ ತೀರ್ಮಾನ. ರೋಗಿಗಳಿಗೆ ಬೇಕಾದದ್ದು: ನನಗೆ ಏನು ಬದಲಾಗುತ್ತದೆ, ಯಾವಾಗ, ನನ್ನಂಥವರ ಮೇಲೆ ಪರೀಕ್ಷಿಸಿದ್ದಾರೆಯೇ. ಪ್ರಯೋಗದಲ್ಲಿ ಪಾಲ್ಗೊಂಡವರಿಗೆ ಮೊದಲು ತಿಳಿಸಿ, ಪತ್ರಿಕೆಗಳಿಗೆ ಆಮೇಲೆ. ತಮ್ಮ ಮೈಯನ್ನೇ ಒಡ್ಡಿದವರು ಫಲಿತಾಂಶವನ್ನು ಟಿವಿಯಲ್ಲಿ ನೋಡಿ ತಿಳಿಯುವಂತಾಗಬಾರದು.

ಪ್ರಯೋಜನ ಯಾರನ್ನು ತಲುಪಿಲ್ಲ ಎಂಬುದಕ್ಕೂ ಎರಡು ಸಾಲು ಮೀಸಲಿಡಿ. ಸರಾಸರಿ ಲಾಭ ಏರುತ್ತಿರುವಾಗಲೇ ಬಡವರಿಗೂ ದೂರದವರಿಗೂ ಚಿಕಿತ್ಸೆ ಸಿಗದೆ ಅಂತರ ಹಿಗ್ಗಿರಬಹುದು. ತೆರಿಗೆ ಕಟ್ಟಿದವರಲ್ಲಿ ಅವರೂ ಇದ್ದಾರೆ.

ಹಂತ 9: ಹೊರಗಿನವರ ಕೈಗೆ ಕೊಡಿ

ಪ್ರಕಟಿಸುವ ಮೊದಲು ಕೋಷ್ಟಕವನ್ನೂ ಕರಡನ್ನೂ ಮೂವರಿಗೆ ಕೊಡಿ: ಈ ಸಂಶೋಧನೆಯಲ್ಲಿ ಪಾಲಿಲ್ಲದ ಒಬ್ಬ ವಿಜ್ಞಾನಿ, ಆರೋಗ್ಯ ಅರ್ಥಶಾಸ್ತ್ರ ಬಲ್ಲ ಒಬ್ಬರು, ಆ ಕಾಯಿಲೆ ಇರುವ ಒಬ್ಬರು. ಮೂವರನ್ನೂ ಒಂದೇ ಕೆಲಸ ಕೇಳಿ: ಯಾವ ವಾಕ್ಯ ಪುರಾವೆಗಿಂತ ಮುಂದೆ ಹೋಗಿದೆ, ಅಡಿಗೆರೆ ಎಳೆಯಿರಿ. ಅಡಿಗೆರೆ ಬಿದ್ದ ವಾಕ್ಯವನ್ನು ಸಮರ್ಥಿಸಲು ಹೋಗದೆ ಕ್ರಿಯಾಪದವನ್ನು ಒಂದು ಮೆಟ್ಟಿಲು ಕೆಳಗಿಳಿಸಿ.

ವರದಿಯ ಮೇಲೆ ಲೆಕ್ಕ ಹಾಕಿದ ದಿನಾಂಕ, ಊಹೆಗಳ ಪಟ್ಟಿ, ಸ್ಪ್ರೆಡ್‌ಶೀಟ್ ಎಲ್ಲರಿಗೂ ಸಿಗುವ ಜಾಗ ಇವು ಇರಲಿ. ಎರಡು ವರ್ಷಕ್ಕೊಮ್ಮೆ ತೆರೆದು ನೋಡಿ. ಶಿಫಾರಸು ಹಿಂದಕ್ಕೆ ಪಡೆದಿದ್ದರೆ, ಪ್ರಬಂಧ ರದ್ದಾಗಿದ್ದರೆ, ಹಳೆಯ ಸಂಖ್ಯೆಯನ್ನು ಸದ್ದಿಲ್ಲದೆ ಅಳಿಸಬೇಡಿ. ಅದರ ಪಕ್ಕದಲ್ಲೇ ಹೊಸ ಸಂಖ್ಯೆಯನ್ನೂ ಬದಲಾಯಿಸಿದ ಕಾರಣವನ್ನೂ ತಾರೀಕಿನ ಸಮೇತ ಬರೆಯಿರಿ.